ಸಾಕ್ (ಕಂಪನಿಯ ಸೈಬರ್ ಸೆಕ್ಯುರಿಟಿ ಕಾವಲು ಟೀಮ್) ಇಂಟರ್‌ವ್ಯೂನಲ್ಲಿ ಡೆಫಿನಿಷನ್ ಎಲ್ಲಾ ಹೇಳ್ದೆ, ಆದ್ರೂ ರಿಜೆಕ್ಟ್. ಕೋಲಾರದ ಕಡೆಯವ್ರು ಯಾರಾದ್ರೂ ಈ ಫೀಲ್ಡ್‌ನಲ್ಲಿದ್ದೀರಾ?

ಟೇಕಲ್ ಪ್ಯಾಸೆಂಜರ್ · ಸೋಮವಾರ, ರಾತ್ರಿ 8.50

ಎಲ್ರಿಗೂ ನಮಸ್ಕಾರ. ಬಿಸಿಎ ಮುಗಿಸಿ ಒಂದು ವರ್ಷ ಆಯ್ತು, ಮನೆ ಟೇಕಲ್ ಹತ್ರ. ಹೋದ ವಾರ ವೈಟ್‌ಫೀಲ್ಡ್ ಕಡೆ ಒಂದು ಕಂಪನಿಯಲ್ಲಿ ಎಲ್1 (ಮೊದಲ ಹಂತದ) ಸಾಕ್ ಅನಲಿಸ್ಟ್ ಕೆಲಸಕ್ಕೆ ಇಂಟರ್‌ವ್ಯೂ ಇತ್ತು. ಒಂದು ತಿಂಗಳು ಕೂತು ಓದ್ಕೊಂಡು ಹೋಗಿದ್ದೆ. ಫಿಶಿಂಗ್ ಅಂದ್ರೆ ಸುಳ್ಳು ಮೇಲ್ ಕಳಿಸಿ ಮೋಸ ಮಾಡೋದು, ರ‍್ಯಾನ್ಸಮ್‌ವೇರ್ ಅಂದ್ರೆ ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳೋದು, ವೈರಸ್‌ಗೂ ವರ್ಮ್‌ಗೂ ಏನು ವ್ಯತ್ಯಾಸ, ಎಲ್ಲಾ ಪಟಪಟ ಅಂತ ಹೇಳ್ದೆ. ಆಮೇಲೆ ಒಂದು ಪ್ರಶ್ನೆ ಬಂತು ನೋಡಿ:

"ಬೆಳಗ್ಗೆ 9.10. ಅಕೌಂಟ್ಸ್ ಸೆಕ್ಷನ್‌ನಿಂದ ಒಬ್ರು ಫೋನ್ ಮಾಡ್ತಾರೆ. ಇನ್‌ವಾಯ್ಸ್ ಅಂತ ಬಂದಿದ್ದ ಮೇಲ್ ಕ್ಲಿಕ್ ಮಾಡ್ಬಿಟ್ಟೆ, ಪಾಸ್‌ವರ್ಡೂ ಹಾಕ್ಬಿಟ್ಟೆ ಅಂತಾರೆ. ಮೊದಲ ಹತ್ತು ನಿಮಿಷ ನೀವೇನ್ ಮಾಡ್ತೀರಿ?"

ನಾನು "ಆಂಟಿವೈರಸ್ ರನ್ ಮಾಡ್ತೀನಿ ಸಾರ್" ಅಂದೆ. ಇಬ್ರೂ ಮುಖ ಮುಖ ನೋಡ್ಕೊಂಡ್ರು. ಅಷ್ಟೇ, ಮುಗೀತು.

ಇನ್ನೊಂದು ವಿಷ್ಯ. ಎರಡು ದಿನ ಆದ್ಮೇಲೆ ಎಲ್ರಿಗೂ ಗೊತ್ತಿರೋ ಒಂದು ದೊಡ್ಡ ಕಂಪನಿ ಹೆಸರಲ್ಲಿ ಆಫರ್ ಲೆಟರ್ ಬಂದಿದೆ. ನಾನು ಅಲ್ಲಿಗೆ ಅಪ್ಲೈ ಮಾಡಿದ್ದ ನೆನಪೇ ಇಲ್ಲ. ಲ್ಯಾಪ್‌ಟಾಪ್ ಡಿಪಾಸಿಟ್ 2,750 ರೂಪಾಯಿ, ಸೇರಿದ ಮೇಲೆ ವಾಪಸ್ ಕೊಡ್ತಾರಂತೆ. ಇವತ್ತು ರಾತ್ರಿ 12ರೊಳಗೆ ಕಟ್ಬೇಕು. ಅಮ್ಮ ಆಗ್ಲೇ ಪಕ್ಕದ ಮನೆಯವ್ರಿಗೆಲ್ಲ ಹೇಳಿ ಆಯ್ತು. ನಂಗೆ ಯಾಕೋ ಅನುಮಾನ.

ಮುಳಬಾಗಿಲು ದೋಸೆ · ರಾತ್ರಿ 8.58

ಕಟ್ಬೇಡಿ ಕಟ್ಬೇಡಿ ಕಟ್ಬೇಡಿ. ಸಂಬಳ ಕೊಡೋ ಕಂಪನಿ ನಿಮ್ ಹತ್ರ 2,750ಕ್ಕೆ ಕೈ ಒಡ್ಡುತ್ತಾ?

ನೈಟ್ ಶಿಫ್ಟ್ ಕೋಲಾರ · ರಾತ್ರಿ 9.40

ದೋಸೆಯವ್ರು ಹೇಳಿದ್ದು ಸರಿ, ಒಂದು ರೂಪಾಯಿನೂ ಕಳಿಸ್ಬೇಡಿ. ಆಧಾರ್, ಪ್ಯಾನ್, ಮಾರ್ಕ್ಸ್ ಕಾರ್ಡೂ ಕಳಿಸ್ಬೇಡಿ. ದುಡ್ಡು ಹೋದ್ರೆ 2,750 ಹೋಗುತ್ತೆ. ಆಧಾರ್, ಪ್ಯಾನ್ ಕೈ ಸೇರಿದ್ರೆ ನಿಮ್ಮ ಹೆಸರಲ್ಲಿ ಸಾಲನೋ ಅಕೌಂಟೋ ಎದ್ದು ಕೂರುತ್ತೆ. ಆದ್ರೆ ಆ ಮೇಲ್ ಡಿಲೀಟ್ ಮಾಡ್ಬೇಡಿ, ಇಟ್ಕೊಳ್ಳಿ. ಅದರಿಂದ ಕೆಲಸ ಇದೆ.

ನಾನು ಆರು ವರ್ಷದಿಂದ ಸಾಕ್‌ನಲ್ಲಿದ್ದೀನಿ. ಹೆಸರೇ ಸಾಕ್, ಮೂರು ನೈಟ್ ಸಾಲಾಗಿ ಬಿದ್ರೆ ಸಾಕಪ್ಪಾ ಸಾಕು ಅನ್ಸುತ್ತೆ, ಅದು ಬೇರೆ ಮಾತು. ನಿಮಗೆ ಬಂದ ಪ್ರಶ್ನೆ ನಾನೂ ಫ್ರೆಶರ್‌ಗಳಿಗೆ ಕೇಳ್ತೀನಿ. ಆಂಟಿವೈರಸ್ ಅನ್ನೋ ಉತ್ತರ ಯಾಕೆ ಬಿದ್ದುಹೋಯ್ತು ಅಂದ್ರೆ, ಆ ಕಥೆಯಲ್ಲಿ ಕಂಪ್ಯೂಟರ್‌ಗೆ ಏನೂ ಆಗಿಲ್ಲ. ಕಳ್ಳತನ ಆಗಿರೋದು ಪಾಸ್‌ವರ್ಡ್. ಬೀಗದ ಕೈ ಕಳ್ಕೊಂಡವ್ರು ಮನೆ ಗುಡಿಸ್ತಾ ಕೂತ್ರೆ ಏನು ಬಂತು?

ನಾನಾದ್ರೆ ಹೀಗೆ ಹೇಳ್ತೀನಿ. ಫೋನ್ ಮಾಡಿದವ್ರಿಗೆ ಮೊದಲು ಬೈಬಾರ್ದು. ಬೈದ್ರೆ ಮುಂದಿನ ಸಲ ಅವ್ರು ಹೇಳೋದೇ ಇಲ್ಲ, ಅದಕ್ಕಿಂತ ದೊಡ್ಡ ಅಪಾಯ ಇಲ್ಲ. ಯಾವ ಹೊತ್ತಿಗೆ ಕ್ಲಿಕ್ ಮಾಡಿದ್ರು, ಪಾಸ್‌ವರ್ಡ್ ಅಷ್ಟೇನಾ ಓಟಿಪಿನೂ ಹಾಕಿದ್ರಾ, ಫೈಲ್ ಏನಾದ್ರೂ ಇಳೀತಾ ಕೇಳ್ಕೊಬೇಕು. ಆಮೇಲೆ ಪಾಸ್‌ವರ್ಡ್ ಬದಲಾಯಿಸೋದು. ಇಲ್ಲಿ ತುಂಬಾ ಜನ ಎಡವ್ತಾರೆ: ಕಳ್ಳ ಆಗ್ಲೇ ಲಾಗಿನ್ ಆಗಿದ್ರೆ ಪಾಸ್‌ವರ್ಡ್ ಬದಲಾಯಿಸಿದ್ರೂ ಅವನ ಸೆಷನ್ ನಡೀತಾನೇ ಇರಬಹುದು. ತೆರೆದಿರೋ ಸೆಷನ್ ಎಲ್ಲಾ ಕತ್ತರಿಸ್ಬೇಕು. ಮೇಲ್‌ಬಾಕ್ಸ್‌ನಲ್ಲಿ ಹೊಸ ಫಾರ್ವರ್ಡಿಂಗ್ ರೂಲ್ ಏನಾದ್ರೂ ಬಂದಿದೆಯಾ ನೋಡ್ಬೇಕು. "ಇನ್‌ವಾಯ್ಸ್ ಅಂತ ಇರೋ ಮೇಲ್ ಎಲ್ಲಾ ಹೊರಗಿನ ವಿಳಾಸಕ್ಕೆ ಕಳಿಸು, ಇಲ್ಲಿಂದ ಅಳಿಸು" ಅಂತ ರೂಲ್ ಹಾಕಿ ತಿಂಗಳುಗಟ್ಟಲೆ ಸುಮ್ನೆ ಕೂರೋರಿದ್ದಾರೆ. ಎರಡನೇ ಫ್ಯಾಕ್ಟರ್‌ಗೆ (ಪಾಸ್‌ವರ್ಡ್ ಆದ್ಮೇಲೆ ಕೇಳೋ ಓಟಿಪಿ ಥರದ್ದು) ಹೊಸ ಫೋನ್ ಸೇರ್ಸಿದಾರಾ, ಎಲ್ಲಿಂದ ಲಾಗಿನ್ ಆಗಿದೆ, ಅದೂ ನೋಡ್ಬೇಕು. ಅದೇ ಮೇಲ್ ಇನ್ನೂ ಎಷ್ಟು ಜನಕ್ಕೆ ಬಂದಿದೆ ಹುಡುಕಿ ಎಲ್ಲರ ಇನ್‌ಬಾಕ್ಸ್‌ನಿಂದಲೂ ತೆಗೀಬೇಕು. ಆ ಡೊಮೈನ್ (ಮೇಲ್ ವಿಳಾಸದಲ್ಲಿ @ ಆದ್ಮೇಲೆ ಬರೋ ಹೆಸರು) ಬ್ಲಾಕ್ ಮಾಡ್ಬೇಕು. ಹೊತ್ತು ಬರೆದು ಟಿಕೆಟ್ (ಘಟನೆಯ ದಾಖಲೆ) ಹಾಕಿ ಎಲ್2ಗೆ, ಅಂದ್ರೆ ಮೇಲಿನ ಹಂತದವ್ರಿಗೆ, ಕೊಡ್ಬೇಕು.

ಫೈಲ್ ಇಳಿದು ಓಡಿದ್ರೆ ಮಾತ್ರ ಕಂಪ್ಯೂಟರ್ ಕಡೆ ತಿರುಗೋದು. ನೆಟ್‌ವರ್ಕ್‌ನಿಂದ ಬೇರೆ ಮಾಡಿ. ಪವರ್ ಆಫ್ ಮಾಡ್ಬೇಡಿ. ರ‍್ಯಾಮ್‌ನಲ್ಲಿರೋ ಸಾಕ್ಷಿ ಆಫ್ ಮಾಡಿದ ಕ್ಷಣ ಹೋಗುತ್ತೆ. ಇದೂ ಇಂಟರ್‌ವ್ಯೂನಲ್ಲಿ ಬರೋ ಪ್ರಶ್ನೆನೇ.

ಅಂತರಗಂಗೆ ಮೇಷ್ಟ್ರು · ರಾತ್ರಿ 10.15

ವಿವರಣೆ ಚೆನ್ನಾಗಿದೆ. ಆದರೆ ವ್ಯಾಖ್ಯೆಗಳೇ ಬೇಡ ಎಂದು ಮಕ್ಕಳು ಅರ್ಥ ಮಾಡಿಕೊಂಡಾರು, ಅದಕ್ಕೆ ಬರೆಯುತ್ತಿದ್ದೇನೆ. ನಾನು ಕಾಲೇಜಿನಲ್ಲಿ ಈ ವಿಷಯ ಪಾಠ ಮಾಡುತ್ತೇನೆ. ಕಂಡಕಂಡವರಿಗೆ ಬಲೆ ಬೀಸಿದರೆ ಫಿಶಿಂಗ್, ಒಬ್ಬರ ಹೆಸರು, ಕೆಲಸ, ಮೇಲಧಿಕಾರಿ ಯಾರೆಂದು ತಿಳಿದುಕೊಂಡು ಅವರಿಗೇ ಗಾಳ ಹಾಕಿದರೆ ಸ್ಪಿಯರ್ ಫಿಶಿಂಗ್, ಗಾಳಕ್ಕೆ ಎಂಡಿ ಸಿಕ್ಕಿದರೆ ವೇಲಿಂಗ್, ಫೋನಿನಲ್ಲಾದರೆ ವಿಶಿಂಗ್, ಎಸ್‌ಎಂಎಸ್‌ನಲ್ಲಾದರೆ ಸ್ಮಿಶಿಂಗ್. ಈ ಹೆಸರುಗಳು ಗೊತ್ತಿಲ್ಲದಿದ್ದರೆ ಟಿಕೆಟ್‌ನಲ್ಲಿ ಏನೆಂದು ಬರೆಯುತ್ತೀರಿ?

ನನ್ನ ಸಲಹೆ ಇಷ್ಟೇ. ಯಾವುದೇ ದಾಳಿಯ ಹೆಸರು ಓದಿದರೂ ಗೌಪ್ಯತೆ, ಸಮಗ್ರತೆ, ಲಭ್ಯತೆ, ಈ ಮೂರರಲ್ಲಿ ಯಾವುದಕ್ಕೆ ಪೆಟ್ಟು ಬಿತ್ತು ಎಂದು ಕೇಳಿಕೊಳ್ಳಿ. ಡಿಡಾಸ್ (ಸಾವಿರಾರು ಕಡೆಯಿಂದ ಒಟ್ಟಿಗೇ ಕೋರಿಕೆ ಸುರಿದು ಸರ್ವರ್ ಮಲಗಿಸುವುದು) ಆದರೆ ಲಭ್ಯತೆ. 2016ರ ಅಕ್ಟೋಬರ್‌ನಲ್ಲಿ ಮಿರಾಯ್ ಬಾಟ್‌ನೆಟ್ (ಕಳ್ಳರ ಹಿಡಿತಕ್ಕೆ ಸಿಕ್ಕ ಸಾಧನಗಳ ಪಡೆ) ಡೈನ್ ಎಂಬ ಡಿಎನ್‌ಎಸ್ (ವೆಬ್‌ಸೈಟ್ ಹೆಸರಿಗೆ ವಿಳಾಸ ಹುಡುಕಿಕೊಡುವ) ಕಂಪನಿಯ ಮೇಲೆ ಬಿದ್ದಾಗ ಟ್ವಿಟರ್, ನೆಟ್‌ಫ್ಲಿಕ್ಸ್ ತೆರೆಯಲಿಲ್ಲ. ಯಾರ ಡೇಟಾವೂ ಕದ್ದುಹೋಗಲಿಲ್ಲ. ಆ ಬಾಟ್‌ನೆಟ್‌ನಲ್ಲಿದ್ದದ್ದು ಹೆಚ್ಚಾಗಿ ಪಾಸ್‌ವರ್ಡ್ ಬದಲಾಯಿಸದೆ ಬಿಟ್ಟ ಕ್ಯಾಮೆರಾ, ರೌಟರ್‌ಗಳು.

ನೈಟ್ ಶಿಫ್ಟ್ ಕೋಲಾರ · ರಾತ್ರಿ 10.22

ಒಪ್ಕೊಂಡೆ ಸಾರ್. ಹೆಸರು ಬೇಕು. ಆದ್ರೆ ಹೆಸರು ಹೇಳಿ ನಿಂತ್ಬಿಡ್ತಾರಲ್ಲ, ಅದೇ ಕಷ್ಟ.

ಮಂಡಿ ಲೆಕ್ಕ · ಮಂಗಳವಾರ, ಬೆಳಗ್ಗೆ 6.05

ನಾನು ಕಂಪ್ಯೂಟರ್ ಓದಿದವನಲ್ಲ, ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯೋನು. ಆದ್ರೂ ಒಂದು ಹೇಳ್ಬೇಕು ಅನ್ನಿಸ್ತು, ಪ್ರಯೋಜನ ಆದ್ರೆ ಆಗ್ಲಿ.

ಹೋದ ಸೀಸನ್‌ನಲ್ಲಿ ನಮ್ಮ ಮಾಲೀಕರ ವಾಟ್ಸಾಪ್‌ಗೆ "ನಿಮ್ಮ ಗಾಡಿ ಮೇಲೆ ಟ್ರಾಫಿಕ್ ಚಲನ್ ಇದೆ" ಅಂತ ಒಂದು ಫೈಲ್ ಬಂತು. ಅವ್ರದ್ದು ನಾಲ್ಕು ಗಾಡಿ ಚೆನ್ನೈಗೆ ಓಡಾಡ್ತವೆ, ಚಲನ್ ಬರೋದು ಮಾಮೂಲಿ. ಒತ್ತಿದ್ರು. ಏನೋ ಇನ್‌ಸ್ಟಾಲ್ ಅಂತ ಕೇಳ್ತು, ಹೂಂ ಅಂದ್ರು. ಎಸ್‌ಎಂಎಸ್ ಓದೋಕೆ ಪರ್ಮಿಷನ್ ಕೇಳ್ತು, ಅದಕ್ಕೂ ಹೂಂ. ಹರಾಜು ನಡೀತಿತ್ತು, 15 ಕೆಜಿ ಬಾಕ್ಸ್ ರೇಟ್ ಮೇಲೆ ಗಲಾಟೆ, ಫೋನ್ ನೋಡೋಕೆ ಯಾರಿಗೆ ಪುರುಸೊತ್ತು? ಅರ್ಧ ಗಂಟೆಯಲ್ಲಿ 48,000 ಹೋಯ್ತು. ಓಟಿಪಿ ಬಂದದ್ದೇ ಅವ್ರಿಗೆ ಕಾಣ್ಲಿಲ್ಲ.

ನನ್ನ ತಮ್ಮ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸ್ದ. ಆಮೇಲೆ ಜಿಲ್ಲೆಯ ಸಿಇಎನ್ (ಸೈಬರ್ ಅಪರಾಧ) ಠಾಣೆಗೆ ಹೋದ್ವಿ. 31,000 ಮುಂದಿನ ಅಕೌಂಟ್‌ನಲ್ಲಿ ಹೋಲ್ಡ್ ಆಗಿ ಸಿಕ್ತು, ಅದೂ ತಿಂಗಳುಗಟ್ಟಲೆ ಓಡಾಡಿದ ಮೇಲೆ. ಮಿಕ್ಕಿದ್ದು ಗೋವಿಂದ.

ನೈಟ್ ಶಿಫ್ಟ್ ಕೋಲಾರ · ಬೆಳಗ್ಗೆ 7.30

ಅಣ್ಣಾ, ನೀವು ಬರೆದದ್ದು ನಮ್ಮ ಫ್ರೆಶರ್‌ಗಳು ಬರೆಯೋ ರಿಪೋರ್ಟ್‌ಗಿಂತ ಚೆನ್ನಾಗಿದೆ. ಟೇಕಲ್ ಮೇಡಂ, "ಟ್ರೋಜನ್ ಅಂದ್ರೇನು" ಅಂತ ಕೇಳಿದ್ರೆ ಇದನ್ನೇ ಹೇಳಿ. ಬೇಕಾದ ವಸ್ತು ಅಂತ ವೇಷ ಹಾಕ್ಕೊಂಡು ಬಂತು, ಮನೆಯವ್ರೇ ಬಾಗಿಲು ತೆಗೆದ್ರು, ಒಳಗೆ ಬಂದು ಓಟಿಪಿ ಓದಿ ಹೊರಗಡೆ ಕಳಿಸ್ತು. ಹರಾಜಿನ ಗಡಿಬಿಡಿ ನೋಡ್ಕೊಂಡೇ ಕಳಿಸಿರಬೇಕು ಅಂತಿಲ್ಲ, ಆದ್ರೆ ಗಡಿಬಿಡಿ ಇಲ್ದೆ ಈ ಆಟ ನಡೆಯಲ್ಲ. ನಿಮ್ಮ ಆಫರ್ ಲೆಟರ್‌ನಲ್ಲೂ "ರಾತ್ರಿ 12ರೊಳಗೆ" ಅಂತ ಇದೆಯಲ್ಲ?

ಚಲನ್ ಆಗ್ಲಿ, ಮದುವೆ ಕರೆಯೋಲೆ ಆಗ್ಲಿ, ಎಪಿಕೆ ಫೈಲ್ (ಫೋನ್‌ಗೆ ಆ್ಯಪ್ ಹಾಕೋ ಫೈಲ್) ಆಗಿ ಬರಲ್ಲ.

ಈಗ ಆ ಮೇಲ್‌ಗೆ ಬರೋಣ. ಜಿಮೇಲ್‌ನಲ್ಲಿ ಮೂರು ಚುಕ್ಕೆ ಒತ್ತಿ "ಶೋ ಒರಿಜಿನಲ್" ತೆಗೀರಿ. ಫೋನ್‌ನಲ್ಲಿ ಬರಲ್ಲ, ಕಂಪ್ಯೂಟರ್ ಬೇಕು. ಫ್ರಮ್, ರಿಪ್ಲೈ-ಟು, ರಿಟರ್ನ್-ಪಾತ್ ಮೂರೂ ಒಂದೇನಾ ನೋಡಿ. "ರಿಸೀವ್ಡ್" ಸಾಲುಗಳನ್ನ ಕೆಳಗಿಂದ ಮೇಲಕ್ಕೆ ಓದಿ. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಅನ್ನೋ ಮೂರು ಮೇಲ್ ಪರೀಕ್ಷೆಗಳ ಎದುರಿಗೆ ಏನಿದೆ ಬರ್ಕೊಳ್ಳಿ. ಡೊಮೈನ್ ಯಾವತ್ತು ಹುಟ್ಟಿತು ಅಂತ ಹೂಇಸ್‌ನಲ್ಲಿ (ಡೊಮೈನ್‌ಗಳ ನೋಂದಣಿ ದಾಖಲೆ) ಹುಡುಕಿ. ಲಿಂಕ್ ಮಾತ್ರ ಒತ್ತಬೇಡಿ.

ಇನ್ನೊಂದು, ವೈರಸ್‌ಟೋಟಲ್‌ಗೆ (ಫೈಲ್‌ನಲ್ಲಿ ವೈರಸ್ ಇದೆಯಾ ನೋಡೋ ವೆಬ್‌ಸೈಟ್) ಆ ಪಿಡಿಎಫ್ ಹಾಕೋಕೆ ಹೋಗ್ಬೇಡಿ. ಅಲ್ಲಿ ಹಾಕಿದ ಫೈಲ್ ದುಡ್ಡು ಕೊಟ್ಟು ಚಂದಾದಾರರಾದವ್ರಿಗೆಲ್ಲ ಸಿಗುತ್ತೆ. ಅದರಲ್ಲಿ ನಿಮ್ಮ ಹೆಸರು, ವಿಳಾಸ ಇದೆ. ಫೈಲ್‌ನ ಹ್ಯಾಶ್ (ಬೆರಳಚ್ಚಿನ ಥರದ ಗುರುತು) ತೆಗೆದು ಅದನ್ನ ಹುಡುಕಿದ್ರೆ ಸಾಕು.

ವೇಮಗಲ್ ಅಕ್ಕ · ಮಂಗಳವಾರ, ಮಧ್ಯಾಹ್ನ 1.20

ನಾನು ಇಂಟರ್‌ವ್ಯೂ ಮೇಜಿನ ಆ ಕಡೆ ಕೂರೋಳು, ಅದಕ್ಕೆ ಆ ಕಡೆ ಮಾತು ಹೇಳ್ತೀನಿ.

ರೆಸ್ಯೂಮೆಯಲ್ಲಿ ವೈರ್‌ಶಾರ್ಕ್, ಎನ್‌ಮ್ಯಾಪ್, ಮೆಟಾಸ್ಪ್ಲಾಯ್ಟ್, ಬರ್ಪ್ ಅಂತ ಸೆಕ್ಯುರಿಟಿ ಟೂಲ್‌ಗಳ ಹೆಸರು ಸಾಲಾಗಿ ಬರೆದಿರ್ತಾರೆ. ನಾನು ಮೊದಲನೆಯದನ್ನೇ, ನೆಟ್‌ವರ್ಕ್‌ನಲ್ಲಿ ಓಡಾಡೋ ಪ್ಯಾಕೆಟ್ ತೋರಿಸೋ ವೈರ್‌ಶಾರ್ಕನ್ನೇ, ಹಿಡೀತೀನಿ. "ವೈರ್‌ಶಾರ್ಕ್‌ನಲ್ಲಿ ಬರೀ ಸಿನ್ ಪ್ಯಾಕೆಟ್‌ಗಳೇ ಸಾವಿರಾರು ಬರ್ತಿವೆ, ಕೊನೆಯ ಆಕ್ ಬರ್ತಾನೇ ಇಲ್ಲ. ಏನಾಗ್ತಿದೆ?" ಸಿನ್ ಫ್ಲಡ್ (ಮಾತು ಶುರು ಮಾಡೋ ಕೋರಿಕೆ ಸುರಿದು ಸರ್ವರ್ ಕಾಯಿಸೋದು) ಅನ್ನೋಕೆ ಹ್ಯಾಂಡ್‌ಶೇಕ್‌ನ ಮೂರು ಹೆಜ್ಜೆ, ಸಿನ್, ಸಿನ್-ಆಕ್, ಆಕ್, ಗೊತ್ತಿದ್ರೆ ಸಾಕು. ಹತ್ತರಲ್ಲಿ ಏಳು ಜನ ತಡವರಿಸ್ತಾರೆ. ಮುಟ್ಟಿ ನೋಡಿರೋ ಎರಡೇ ಟೂಲ್ ಬರೀರಿ, ಯಾರೂ ತಪ್ಪು ತಿಳ್ಕೊಳ್ಳಲ್ಲ.

ಕೆಲಸ ಹುಡುಕೋರು ಅಂದ್ರೆ ಬರೀ ಮೋಸ ಹೋಗೋರು ಅಂತ ಅಂದ್ಕೊಂಡಿದ್ದೀರ. ಉಲ್ಟಾನೂ ಇದೆ. 2016ರ ಫೆಬ್ರವರಿಯಲ್ಲಿ ಬಾಂಗ್ಲಾದೇಶ ಬ್ಯಾಂಕ್‌ನಿಂದ 8.1 ಕೋಟಿ ಡಾಲರ್ ಹೋಯ್ತಲ್ಲ, ಆ ಕಳ್ಳರು ಒಂದು ವರ್ಷ ಮೊದಲೇ ಬ್ಯಾಂಕ್ ಸಿಬ್ಬಂದಿಗೆ ಕೆಲಸ ಕೇಳೋ ಮೇಲ್ ಹಾಕಿದ್ರು. "ನನ್ನ ರೆಸ್ಯೂಮೆ ಇಲ್ಲಿದೆ, ನೋಡಿ" ಅಂತ ಲಿಂಕ್. ಅವ್ರು ಕದಿಯೋಕೆ ಹೊರಟಿದ್ದು 95 ಕೋಟಿ ಡಾಲರ್‌ಗೂ ಜಾಸ್ತಿ. ಶ್ರೀಲಂಕಾಕ್ಕೆ ಕಳಿಸಿದ 2 ಕೋಟಿ ಡಾಲರ್ ನಿಂತಿದ್ದು ಹಣ ಪಡೆಯೋ ಸಂಸ್ಥೆಯ ಹೆಸರಲ್ಲಿ "ಫೌಂಡೇಶನ್" ಅನ್ನೋ ಪದದ ಸ್ಪೆಲಿಂಗ್ ತಪ್ಪಿದ್ದಕ್ಕೆ! ಅಪರಿಚಿತರ ರೆಸ್ಯೂಮೆ ತೆರೆಯೋದೇ ನಮ್ಮ ಎಚ್‌ಆರ್‌ನವ್ರ ಕೆಲಸ. ತೆರೀಬೇಡಿ ಅನ್ನೋಕಾಗುತ್ತಾ? ಅದಕ್ಕೇ ಅವ್ರ ಮೆಷಿನ್ ಮೇಲೆ ಸಾಕ್‌ನವ್ರ ಕಣ್ಣು ಜಾಸ್ತಿ.

ಎಫ್‌ಬಿಐ ಪ್ರಕಾರ ಬಾಂಗ್ಲಾದೇಶ ಬ್ಯಾಂಕ್ ದೋಚಿದ ಇದೇ ಲಾಜರಸ್ ಅನ್ನೋ ಉತ್ತರ ಕೊರಿಯಾದ ಹ್ಯಾಕರ್ ಗುಂಪು 2022ರಲ್ಲಿ ಆಕ್ಸಿ ಇನ್ಫಿನಿಟಿ ಗೇಮ್‌ನ ರೋನಿನ್ ನೆಟ್‌ವರ್ಕ್‌ನಿಂದ 60 ಕೋಟಿ ಡಾಲರ್‌ಗೂ ಹೆಚ್ಚಿನ ಕ್ರಿಪ್ಟೋ ಹೊಡೀತು. ಅದಕ್ಕೆ ದಾರಿ ಆಗಿದ್ದು ಅಲ್ಲಿನ ಎಂಜಿನಿಯರ್ ಒಬ್ರಿಗೆ ಬಂದ ಸುಳ್ಳು ಆಫರ್ ಲೆಟರ್ ಪಿಡಿಎಫ್ ಅಂತ ವರದಿ ಆಗಿದೆ. ನೋಡಿ, ನಿಮ್ಮ 2,750ರ ಲೆಟರ್‌ಗೆ ಎಂಥಾ ನೆಂಟರಿದ್ದಾರೆ.

ಟೇಕಲ್ ಪ್ಯಾಸೆಂಜರ್ · ಮಂಗಳವಾರ, ರಾತ್ರಿ 9.10

ಮಾಲೂರಲ್ಲಿ ಫ್ರೆಂಡ್ ಮನೆಗೆ ಹೋಗಿ ಕಂಪ್ಯೂಟರ್‌ನಲ್ಲಿ ನೋಡ್ದೆ. ರಿಪ್ಲೈ-ಟು ಬೇರೆ ಇದೆ, ಯಾವುದೋ ಫ್ರೀ ಮೇಲ್. ಡೊಮೈನ್ ಹೆಸರಲ್ಲಿ ಕಂಪನಿ ಹೆಸರಿನ ಮುಂದೆ ಒಂದು ಅಡ್ಡಗೆರೆ, ಆಮೇಲೆ "ಕೆರಿಯರ್ಸ್". ಹುಟ್ಟಿ 19 ದಿನ ಆಗಿದೆ. ಆದ್ರೆ ಅಣ್ಣಾ, ಎಸ್‌ಪಿಎಫ್ ಪಾಸ್, ಡಿಕಿಮ್ ಪಾಸ್, ಡಿಮಾರ್ಕೂ ಪಾಸ್ ಅಂತಿದೆ! ಹಾಗಾದ್ರೆ ನಿಜವಾದ ಮೇಲೇನಾ? ಅಮ್ಮ ಹಿಂದೆ ನಿಂತು "ಪಾಸ್ ಅಂತಿದೆಯಲ್ಲ" ಅಂತಿದ್ದಾರೆ.

ನೈಟ್ ಶಿಫ್ಟ್ ಕೋಲಾರ · ರಾತ್ರಿ 9.35

ಭೇಷ್. ಸರ್ಟಿಫಿಕೇಟ್ ಇರೋರೂ ಇಲ್ಲೇ ಜಾರಿ ಬೀಳ್ತಾರೆ. ಈ ಮೂರೂ ಹೇಳೋದು "ಈ ಡೊಮೈನ್ ಹೆಸರಲ್ಲಿ ಬಂದ ಮೇಲ್ ನಿಜವಾಗ್ಲೂ ಈ ಡೊಮೈನ್‌ನಿಂದಲೇ ಬಂದಿದೆ" ಅಂತ. ಡೊಮೈನ್ ಯಾರದ್ದು ಅಂತಲ್ಲ. ಕಳ್ಳ ತನ್ನ ದುಡ್ಡಲ್ಲಿ ತಾನೇ ಡೊಮೈನ್ ಕೊಂಡು, ತಾನೇ ಎಸ್‌ಪಿಎಫ್ ಬರ್ಕೊಂಡಿದ್ದಾನೆ. ಪಾಸ್ ಆಗದೆ ಏನ್ಮಾಡುತ್ತೆ? ಸುಳ್ಳು ಹೆಸರಲ್ಲಿ ಬಂದ ಮನುಷ್ಯ ರೈಲಿಗೆ ಸರಿಯಾದ ಟಿಕೆಟ್ ತಗೊಂಡಿರೋ ಹಾಗೆ. ಟಿಟಿಇ ನೋಡೋದು ಟಿಕೆಟ್, ಅವನು ನಿಜವಾಗ್ಲೂ ನಿಮ್ಮ ಚಿಕ್ಕಪ್ಪನಾ ಅಂತಲ್ಲ.

ಅಮ್ಮನಿಗೆ ಹಾಗೇ ಹೇಳಿ.

ನಿವೃತ್ತ ಕ್ಯಾಷಿಯರ್, ಕೆಜಿಎಫ್ · ರಾತ್ರಿ 10.02

ಮಗು, ನಿಮ್ಮ ತಾಯಿಯವರಿಗೆ ಬೇಸರ ಮಾಡಬೇಡಮ್ಮ. ಮೂವತ್ತೆರಡು ವರ್ಷ ಕೌಂಟರ್‌ನಲ್ಲಿ ಕೂತ ನನಗೇ ಹೋದ ವರ್ಷ "ಕೆವೈಸಿ ಅಪ್‌ಡೇಟ್" ಎಂದು ಫೋನ್ ಬಂದಾಗ ಕಾರ್ಡ್ ನಂಬರಿನ ಅರ್ಧ ಹೇಳಿ ನಾಲಿಗೆ ಕಚ್ಚಿಕೊಂಡೆ. ಆಚೆಯವನು ಅಷ್ಟು ಮರ್ಯಾದೆಯಿಂದ ಮಾತಾಡಿದ.

ಪಕ್ಕದ ಮನೆಯವರಿಗೆ ನೀನೇ ಹೋಗಿ ಹೇಳು. ಅವರ ಮಗನಿಗೂ ಅಂಥದೇ ಲೆಟರ್ ಬಂದಿದ್ದರೂ ಬಂದಿರಬಹುದು.

ಮುಳಬಾಗಿಲು ದೋಸೆ · ಬುಧವಾರ, ಬೆಳಗ್ಗೆ 11.15

ನಾನೂ ಇದೇ ಫೀಲ್ಡ್‌ಗೆ ಬರ್ಬೇಕು ಅಂತಿದ್ದೀನಿ. ನಿನ್ನೆ ರಾತ್ರಿ ನಮ್ಮ ಕಾಲೇಜ್ ರಿಸಲ್ಟ್ ಪೇಜ್‌ನಲ್ಲಿ ರಿಜಿಸ್ಟರ್ ನಂಬರ್ ಜಾಗದಲ್ಲಿ ಒಂದು ಸಿಂಗಲ್ ಕೋಟ್ ಹಾಕ್ದೆ, ಡೇಟಾಬೇಸ್ ಎರರ್ ಬಂತು ಗುರೂ!! ಎಸ್‌ಕ್ಯೂಎಲ್ ಇಂಜೆಕ್ಷನ್ ಇದೆ ಅಂತ ಅರ್ಥ ಅಲ್ವಾ? ಎಲ್ರ ಮಾರ್ಕ್ಸೂ ತೆಗೀಬಹುದು. ಮಾಡಿ ನೋಡ್ಲಾ?

ಅಂತರಗಂಗೆ ಮೇಷ್ಟ್ರು · ಬೆಳಗ್ಗೆ 11.19

ಬೇಡ. ಈಗಲೇ ನಿಲ್ಲಿಸು.

ಅನುಮತಿ ಇಲ್ಲದೆ ಬೇರೆಯವರ ಕಂಪ್ಯೂಟರಿಗೆ ಕೈ ಹಾಕುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 43 ಮತ್ತು 66ನೇ ಸೆಕ್ಷನ್‌ಗಳಿಗೆ ಸಿಗುತ್ತದೆ. ಮೂರು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಆಗಬಹುದು. ಕಲಿಯಲು ಮಾಡಿದೆ ಎಂದರೆ ಯಾರೂ ಕೇಳುವುದಿಲ್ಲ. ನಾಳೆಯೇ ನಿಮ್ಮ ವಿಭಾಗದ ಮುಖ್ಯಸ್ಥರಿಗೆ, ರಿಸಲ್ಟ್ ಪುಟದಲ್ಲಿ ಇಂಥ ಎರರ್ ಕಾಣಿಸಿತು ಎಂದು ಬರೆದು ಕೊಡು. ಅಷ್ಟಕ್ಕೆ ಬಿಡು.

ಅಭ್ಯಾಸಕ್ಕೆ ಬೇಕಾದಷ್ಟಿದೆ. ಡಿವಿಡಬ್ಲ್ಯೂಎ, ಜ್ಯೂಸ್ ಶಾಪ್ ಎಂಬ ಬೇಕೆಂದೇ ತೂತು ಬಿಟ್ಟ ವೆಬ್‌ಸೈಟ್‌ಗಳನ್ನು ನಿನ್ನ ಲ್ಯಾಪ್‌ಟಾಪ್‌ನಲ್ಲೇ ಹಾಕಿಕೊಂಡು ಎಷ್ಟು ಬೇಕಾದರೂ ಕೋಟ್ ಹಾಕು. ಪೋರ್ಟ್‌ಸ್ವಿಗರ್‌ನವರ ವೆಬ್ ಸೆಕ್ಯುರಿಟಿ ಅಕಾಡೆಮಿ ಉಚಿತ. ಆ ಕೋಟ್ ಯಾಕೆ ಎರರ್ ಕೊಟ್ಟಿತು ಎಂಬುದನ್ನು ಮೊದಲು ತಿಳಿದುಕೋ. ನೀನು ಬರೆದದ್ದು ಡೇಟಾ ಆಗಿ ಉಳಿಯಬೇಕಿತ್ತು, ಆಜ್ಞೆಯ ಭಾಗವಾಗಿಬಿಟ್ಟಿತು. ಪ್ರಿಪೇರ್ಡ್ ಸ್ಟೇಟ್‌ಮೆಂಟ್ (ಆಜ್ಞೆಯನ್ನೂ ಡೇಟಾವನ್ನೂ ಬೇರೆ ಬೇರೆ ಇಡುವ ವಿಧಾನ) ಬಳಸಿದ್ದರೆ ಹಾಗಾಗುತ್ತಿರಲಿಲ್ಲ.

ಮುಳಬಾಗಿಲು ದೋಸೆ · ಬೆಳಗ್ಗೆ 11.31

ಸರಿ ಸಾರ್. ಕೈ ನಡುಗ್ತಿದೆ. ಮುಟ್ಟಲ್ಲ.

ನೈಟ್ ಶಿಫ್ಟ್ ಕೋಲಾರ · ಬುಧವಾರ, ಸಂಜೆ 5.45

ಶಿಫ್ಟ್‌ಗೆ ಹೊರಡೋ ಮುಂಚೆ ಇಬ್ರಿಗೂ ಒಂದು ಲೆಕ್ಕ. ವಿಂಡೋಸ್ ಲಾಗ್‌ನಲ್ಲಿ 4625 ಅಂದ್ರೆ ಲಾಗಿನ್ ಫೇಲ್, 4624 ಅಂದ್ರೆ ಲಾಗಿನ್ ಆಯ್ತು, 4740 ಅಂದ್ರೆ ಅಕೌಂಟ್ ಲಾಕ್. ಇಷ್ಟು ಬಾಯಿಪಾಠ ಮಾಡಿದ್ರೆ ತಪ್ಪಿಲ್ಲ.

ರಾತ್ರಿ 2.10ರಿಂದ 2.20. ಒಂದೇ ಐಪಿ. ನಲವತ್ತು ಬೇರೆ ಬೇರೆ ಯೂಸರ್, ಒಬ್ಬೊಬ್ರ ಮೇಲೂ ಎರಡೇ ಎರಡು 4625. 4740 ಒಂದೂ ಇಲ್ಲ. 2.21ಕ್ಕೆ ಒಂದು 4624. ಇದೇನು? ಯಾಕೆ ಎರಡೇ ಸಲ?

ಟೇಕಲ್ ಪ್ಯಾಸೆಂಜರ್ · ಸಂಜೆ 6.30

ಬ್ರೂಟ್ ಫೋರ್ಸ್ ಅಲ್ಲ ಅನ್ಸುತ್ತೆ. ಅದಾದ್ರೆ ಒಬ್ರ ಮೇಲೇ ಸಾವಿರ ಸಲ ಪ್ರಯತ್ನ ಮಾಡ್ತಿದ್ರು, ಅಕೌಂಟ್ ಲಾಕ್ ಆಗಿ 4740 ಬರ್ತಿತ್ತು. ಲಾಕ್ ಆಗ್ಬಾರ್ದು ಅಂತಾನೇ ಎರಡೇ ಸಲ. ಎಲ್ರ ಮೇಲೂ "ವೆಲ್‌ಕಮ್123" ಥರದ ಒಂದೆರಡು ಪಾಸ್‌ವರ್ಡ್ ಹಾಕಿ ನೋಡಿದಾರೆ. ಪಾಸ್‌ವರ್ಡ್ ಸ್ಪ್ರೇಯಿಂಗ್? ಕೊನೆಗೆ ಒಬ್ರು ಸಿಕ್ಕಿಬಿದ್ದಿದ್ದಾರೆ, 2.21ರ ಅಕೌಂಟ್ ಮೊದಲು ಹಿಡೀಬೇಕು.

ವೇಮಗಲ್ ಅಕ್ಕ · ಸಂಜೆ 6.41

ನಾನಾಗಿದ್ರೆ ಇಲ್ಲೇ ಸೆಲೆಕ್ಟ್ ಮಾಡ್ತಿದ್ದೆ. ಮುಂದಿನ ಪ್ರಶ್ನೆ ಇರುತ್ತೆ ನೋಡಿ: ನಲವತ್ತು ಜನರದ್ದೂ ಸರಿಯಾದ ಪಾಸ್‌ವರ್ಡೇ ಮೊದಲ ಸಲಕ್ಕೇ ಬಿದ್ದಿದ್ರೆ? ಅದು ಬೇರೆ ಸೈಟ್‌ನಲ್ಲಿ ಸೋರಿದ ಯೂಸರ್‌ನೇಮ್-ಪಾಸ್‌ವರ್ಡ್ ಜೋಡಿ ತಂದು ಇಲ್ಲಿ ಹಾಕೋದು, ಕ್ರೆಡೆನ್ಷಿಯಲ್ ಸ್ಟಫಿಂಗ್. ಮೂರನ್ನೂ ಬ್ರೂಟ್ ಫೋರ್ಸ್ ಅಂತಲೇ ಹೇಳೋರು ಜಾಸ್ತಿ.

ಮಂಡಿ ಲೆಕ್ಕ · ಗುರುವಾರ, ಬೆಳಗ್ಗೆ 5.50

ನಮ್ಮ ಹುಡುಗ ಒಬ್ಬನಿಗೆ ಕೋಚಿಂಗ್ ಸೆಂಟರ್‌ನವ್ರು 85,000 ಕಟ್ಟಿದ್ರೆ "100% ಪ್ಲೇಸ್‌ಮೆಂಟ್" ಅಂದಿದ್ದಾರೆ. ಕಟ್ಟಬಹುದಾ?

ನೈಟ್ ಶಿಫ್ಟ್ ಕೋಲಾರ · ಬೆಳಗ್ಗೆ 8.10

ಕೆಲಸದ ಗ್ಯಾರಂಟಿಯನ್ನ ಸ್ಟ್ಯಾಂಪ್ ಪೇಪರ್ ಮೇಲೆ ಬರ್ಕೊಡಿ ಅಂತ ಕೇಳಿ ನೋಡಿ ಅಣ್ಣಾ. ಆ ದುಡ್ಡಲ್ಲಿ ಒಂದು ಒಳ್ಳೆ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್, 16 ಜಿಬಿ ರ‍್ಯಾಮ್ ಬರುತ್ತೆ, ಮಿಕ್ಕಿದ್ದು ಉಳಿಯುತ್ತೆ. ಅದರಲ್ಲಿ ಎರಡು ವರ್ಚುವಲ್ ಮೆಷಿನ್ (ಕಂಪ್ಯೂಟರ್ ಒಳಗೆ ಕಂಪ್ಯೂಟರ್) ಎಬ್ಬಿಸಿ ವಾಝೂ ಹಾಕ್ಲಿ, ಲಾಗ್ ನೋಡಿ ಅಲರ್ಟ್ ಕೊಡೋ ಸಾಫ್ಟ್‌ವೇರ್, ಅದು ಫ್ರೀ. ತನ್ನ ಮೆಷಿನ್ ಮೇಲೆ ತಾನೇ ತಪ್ಪು ಪಾಸ್‌ವರ್ಡ್ ಹಾಕಿ ಅಲರ್ಟ್ ಬರುತ್ತಾ ನೋಡ್ಲಿ.

ರ‍್ಯಾನ್ಸಮ್‌ವೇರ್ ಬಗ್ಗೆ ಬರೀತೀನಿ ಅಂದ್ಕೊಂಡಿದ್ದೆ, ಸುಸ್ತಾಗಿದೆ, ಚುಟುಕಾಗಿ ಹೇಳ್ತೀನಿ. ವಾನ್ನಾಕ್ರೈ ಬಂದಿದ್ದು 2017ರ ಮೇ 12. ಅದು ನುಗ್ಗಿದ ತೂತಿಗೆ ಮೈಕ್ರೋಸಾಫ್ಟ್ ಮಾರ್ಚ್ 14ಕ್ಕೇ ತೇಪೆ ಕೊಟ್ಟಿತ್ತು. ಸುಮಾರು ಎರಡು ತಿಂಗಳು ಟೈಮ್ ಇತ್ತು! ಯಾರೂ ಕ್ಲಿಕ್ ಮಾಡೋದೇ ಬೇಕಿರಲಿಲ್ಲ, 445 ಪೋರ್ಟ್‌ನಿಂದ ತಾನೇ ಹರಡ್ತು, ಅದಕ್ಕೇ ವರ್ಮ್. 2021ರಲ್ಲಿ ಅಮೆರಿಕದ ಕೊಲೋನಿಯಲ್ ಪೈಪ್‌ಲೈನ್ ನಿಂತಿದ್ದು ಬಳಕೆಯಲ್ಲೇ ಇಲ್ಲದ ಒಂದು ವಿಪಿಎನ್ (ಹೊರಗಿನಿಂದ ಆಫೀಸ್ ನೆಟ್‌ವರ್ಕ್‌ಗೆ ಸೇರೋ ದಾರಿ) ಅಕೌಂಟ್‌ನಿಂದ, ಅದಕ್ಕೆ ಎರಡನೇ ಫ್ಯಾಕ್ಟರ್ ಇರಲಿಲ್ಲ. ದೆಹಲಿ ಏಮ್ಸ್‌ನಲ್ಲಿ 2022ರ ನವೆಂಬರ್‌ನಲ್ಲಿ ಸರ್ವರ್ ಬಿದ್ದು ಒಪಿಡಿ ಚೀಟಿ ಕೈಯಲ್ಲಿ ಬರೆದ್ರು. ಮೂರರಲ್ಲಿ ಒಂದನ್ನಾದ್ರೂ ಬಾಗಿಲು ಎಲ್ಲಿತ್ತು, ಹೇಗೆ ಮುಚ್ಚಬಹುದಿತ್ತು ಅಂತ ಐದು ನಿಮಿಷ ಹೇಳೋಕೆ ಬರ್ಬೇಕು. ಇಂಥದ್ದು ನಮ್ಮಲ್ಲಿ ಗೊತ್ತಾದ್ರೆ 6 ಗಂಟೆಯೊಳಗೆ ಸರ್ಟ್-ಇನ್‌ಗೆ (ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ) ತಿಳಿಸ್ಬೇಕು, 2022ರ ಏಪ್ರಿಲ್ 28ರ ಆದೇಶ. ಅದಕ್ಕೇ ನಾವು ಪ್ರತಿ ಟಿಕೆಟ್‌ನಲ್ಲೂ ಹೊತ್ತು ಹೊತ್ತು ಅಂತ ಬಾಯಿ ಬಡ್ಕೊಳ್ಳೋದು. ಮಲಗ್ತೀನಿ.

ಟೇಕಲ್ ಪ್ಯಾಸೆಂಜರ್ · ಮುಂದಿನ ಬುಧವಾರ, ರಾತ್ರಿ 8.20

ಎಲ್ರಿಗೂ ಒಂದು ಸುದ್ದಿ. ಇವತ್ತು ಬೇರೆ ಕಂಪನಿ ಇಂಟರ್‌ವ್ಯೂ ಆಯ್ತು. "ನೀವು ನೋಡಿರೋ ಒಂದು ಅಟ್ಯಾಕ್ ಹೇಳಿ" ಅಂದ್ರು. ನಾನು ನನ್ನ ಆಫರ್ ಲೆಟರ್ ಪ್ರಿಂಟ್ ತೆಗೆದು ಮೇಜಿನ ಮೇಲೆ ಇಟ್ಟೆ, ಹೆಸರು ವಿಳಾಸ ಕಪ್ಪು ಪೆನ್ನಲ್ಲಿ ಮುಚ್ಚಿ. ಹೆಡರ್, 19 ದಿನದ ಡೊಮೈನ್, ಪಾಸ್ ಯಾಕೆ ಪಾಸ್ ಆಯ್ತು ಅಂತ ಹೇಳ್ದೆ. ಟಿಟಿಇ ಕಥೆನೂ ಹೇಳ್ಬಿಟ್ಟೆ, ಕ್ಷಮಿಸಿ ಅಣ್ಣಾ, ಕದ್ದೆ. ಒಬ್ರು ನಕ್ಕರು, ಇನ್ನೊಬ್ರು ಬರ್ಕೊಂಡ್ರು. ಡಿಎನ್‌ಎಸ್ ಟನೆಲಿಂಗ್ ಕೇಳಿದ್ರು, ಗೊತ್ತಿಲ್ಲ ಅಂದೆ. ಶುಕ್ರವಾರ ಎರಡನೇ ರೌಂಡ್‌ಗೆ ಬನ್ನಿ ಅಂದಿದ್ದಾರೆ.

ಪಕ್ಕದ ಮನೆ ಹುಡುಗನಿಗೂ ಅದೇ ಲೆಟರ್ ಬಂದಿತ್ತು. ಕಟ್ಟೂ ಆಗಿತ್ತು. 1930ಕ್ಕೆ ಮಾಡಿಸಿದ್ದೀವಿ.

ಒಂದು ಪ್ರಶ್ನೆ. ರಾತ್ರಿ ಶಿಫ್ಟ್ ಅಂದ್ರೆ ಟೇಕಲ್‌ವರೆಗೆ ಕ್ಯಾಬ್ ಕೊಡ್ತಾರಾ? ಅಮ್ಮ ಅದೊಂದೇ ಕೇಳ್ತಿದ್ದಾರೆ.

ನೈಟ್ ಶಿಫ್ಟ್ ಕೋಲಾರ · ರಾತ್ರಿ 8.34

ಕಥೆ ನಿಮ್ಮದೇ, ಇಟ್ಕೊಳ್ಳಿ. ಕ್ಯಾಬ್ ಬಗ್ಗೆ ಶುಕ್ರವಾರ ಎಚ್‌ಆರ್ ಹತ್ರ ಬಾಯಿ ಬಿಟ್ಟು ಕೇಳಿ, ಸೇರಿದ ಮೇಲೆ ಕೇಳಿದ್ರೆ ಆಗಲ್ಲ. ನನ್ನ ಆಫೀಸಲ್ಲಿ ಹೊಸಕೋಟೆ ದಾಟಿದ್ರೆ ಕ್ಯಾಬ್ ಇಲ್ಲ. ನಾನು ಬೆಳಗಿನ ಬಸ್ ಬರೋವರೆಗೂ ಕ್ಯಾಂಟೀನ್‌ನಲ್ಲೇ ಕೂತಿರ್ತೀನಿ. ಡಿಎನ್‌ಎಸ್ ಟನೆಲಿಂಗ್ ನಾಳೆ ಬರೀತೀನಿ, ಶುಕ್ರವಾರ ಮತ್ತೆ ಕೇಳೇ ಕೇಳ್ತಾರೆ.